ವಿಷಯ: ‘ರಿಸ್ಕ್ ಫ್ಯಾಕ್ಟರ್’, ‘ಔಟ್‌ಕಮ್’ಗೆ ಕನ್ನಡ ಬೇಕು (ತುರ್ತು)

ಶಿರಸಿಯಿಂದ:
ನಮಸ್ಕಾರ. ಹೃದಯದ ಆಪರೇಷನ್‌ಗೆ ಹೋಗುವವರಿಗಾಗಿ ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಮ್ಮ ಜಿಲ್ಲೆಯವರು ಬೈಪಾಸ್‌ಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಅಲ್ಲಿ ಸಹಿ ಹಾಕುವ ಮೊದಲು ಮನೆಯಲ್ಲೇ ಓದಿಕೊಳ್ಳಲಿ ಅಂತ. ನಾಳೆ ಸಂಜೆ ಪ್ರೆಸ್ಸಿಗೆ ಕೊಡಬೇಕು.

‘ರಿಸ್ಕ್ ಫ್ಯಾಕ್ಟರ್ಸ್’ ಕೆಳಗೆ ಇರುವುದು: ವಯಸ್ಸು, ಇನ್ಸುಲಿನ್ ಬೇಕಾದ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಕಳೆದ 90 ದಿನದೊಳಗೆ ಆದ ಹಾರ್ಟ್ ಅಟ್ಯಾಕ್, ಮೊದಲೇ ಒಮ್ಮೆ ಆದ ಹೃದಯದ ಆಪರೇಷನ್. ‘ಔಟ್‌ಕಮ್’ ಕೆಳಗೆ ಸಾವು, ಪಾರ್ಶ್ವವಾಯು, ಕಿಡ್ನಿ ಕೈಕೊಡುವುದು, 24 ತಾಸಿಗಿಂತ ಜಾಸ್ತಿ ವೆಂಟಿಲೇಟರ್, ಎದೆಮೂಳೆಯ ಗಾಯಕ್ಕೆ ಸೋಂಕು.

ಪೇಪರಿನವರ ‘ಅಪಾಯಕಾರಿ ಅಂಶ’ ನನಗೆ ಹಿಡಿಸುತ್ತಿಲ್ಲ. ಎಪ್ಪತ್ತು ದಾಟಿದ ಅಜ್ಜನಿಗೆ ‘ನಿನ್ನ ವಯಸ್ಸೇ ಅಪಾಯಕಾರಿ’ ಅಂದ ಹಾಗಾಗುತ್ತದೆ. ‘ಫಲಿತಾಂಶ’ ಅಂದರೆ ಎಸ್ಸೆಸ್ಸೆಲ್ಸಿ ನೆನಪಾಗುತ್ತದೆ.

ಕುಮಟಾದಿಂದ:
‘ಅಪಾಯ’ ಕನ್ನಡವೇ ಅಲ್ಲ. ಸಂಸ್ಕೃತದಲ್ಲಿ ಉಪಾಯಕ್ಕೆ ಎದುರು ನಿಂತ ಪದ. ಹತ್ತಿರ ಹೋಗುವುದು ಉಪಾಯ, ದೂರ ಹೋಗುವುದು ಅಪಾಯ. ನಮ್ಮದು ‘ಕುತ್ತು’. ಹಳಗನ್ನಡದಲ್ಲಿ ಕುತ್ತ ಅಂದರೆ ರೋಗವೇ. ‘ಕುತ್ತು ತರುವಂಥವು’ ಅಂತ ಬರೆಯಿರಿ. ಮುಗಿಯಿತು.

ಕಾರವಾರದಿಂದ:
ಏನು ಮುಗಿಯಿತು? ಕುತ್ತು ಬಂತು ಅಂದರೆ ಜೀವಕ್ಕೇ ಬಂತು ಅಂತ. ನಾನು ಐಸಿಯುನಲ್ಲಿ ಕೆಲಸ ಮಾಡಿದವಳು. ಆ ಮಾತು ಓದಿದ ಪೇಷಂಟ್ ಮರುಬಸ್ಸಿಗೆ ಊರಿಗೆ ವಾಪಸ್.

‘ಯೂರೋಸ್ಕೋರ್’ ಅಂತ ಒಂದು ಲೆಕ್ಕ ಇದೆ. 1999ರಲ್ಲಿ ಮೊದಲು ಬಂತು, 2012ರಲ್ಲಿ ಎರಡನೆಯದು. ಇಂಥ ಸಂಗತಿಗಳನ್ನೆಲ್ಲ ಕೂಡಿಸಿ, ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಇರುವಾಗಲೇ ತೀರಿಕೊಳ್ಳುವ ಸಾಧ್ಯತೆ ನೂರಕ್ಕೆ ಎಷ್ಟು ಅಂತ ಹೇಳುತ್ತದೆ. ಎರಡು ಅಂತ ಬಂದರೆ, ಇದೇ ಸ್ಥಿತಿಯ ನೂರು ಜನರಲ್ಲಿ ಸುಮಾರು ಇಬ್ಬರು. ಯಾವ ಇಬ್ಬರು ಅಂತ ಅದು ಹೇಳುವುದಿಲ್ಲ. ಹಾಗಾಗಿ ‘ತರುವ’ ತಪ್ಪು, ‘ಹೆಚ್ಚಿಸುವ’ ಸರಿ. ‘ಅಪಾಯ ಹೆಚ್ಚಿಸುವ ಸಂಗತಿಗಳು’ ಅಂತ ಹಾಕಿ.

ಇನ್ನೊಂದು. ವಯಸ್ಸನ್ನು ಯಾರೂ ಇಳಿಸೋಕಾಗಲ್ಲ. ಬೀಡಿ ಬಿಡಬಹುದು, ಸಕ್ಕರೆ ಹತೋಟಿಗೆ ತರಬಹುದು, ರಕ್ತ ಕಮ್ಮಿ ಇದ್ದರೆ ಮೊದಲೇ ಔಷಧ ತಗೊಳ್ಳಬಹುದು. ಎರಡನ್ನೂ ಬೇರೆ ಬೇರೆ ಬರೆಯಿರಿ. ಮತ್ತೆ, ನಡೆದುಕೊಂಡು ಮನೆಗೆ ಹೋಗೋದೂ ಔಟ್‌ಕಮ್ಮೇ ಅಲ್ವಾ? ನಿಮ್ಮ ಪಟ್ಟಿಯಲ್ಲಿ ಅದೇ ಇಲ್ಲ! ಹೆಚ್ಚಿನವರಿಗೆ ಆಗೋದು ಅದೇ.

ಕುಮಟಾದಿಂದ:
‘ಸಂಗತಿ’ಯೂ ಸಂಸ್ಕೃತ. ‘ಪೇಷಂಟ್’ ಇಂಗ್ಲಿಷ್. ಹೀಗೇ ಬಿಟ್ಟರೆ ಕನ್ನಡದ್ದು ಅಂತ ಉಳಿಯೋದು ವಿಭಕ್ತಿ ಪ್ರತ್ಯಯ ಮಾತ್ರ.

ಬನವಾಸಿಯಿಂದ:
ಮಾರಾಯ್ರೆ, ಕದಂಬರ ಊರಿನಲ್ಲೇ ಕೂತು ಬರೆಯುತ್ತಿದ್ದೇನೆ. ಇಲ್ಲಿ ಎಕರೆಗಟ್ಟಲೆ ಅನಾನಸು. ಹಣ್ಣೂ ಹೆಸರೂ ಪೋರ್ಚುಗೀಸರ ಜೊತೆ ಬಂದದ್ದು. ನಿಮ್ಮ ಮನೆ ಹುಳಿಗೆ ಬೀಳುವ ಬಟಾಟೆಯೂ ಅಷ್ಟೇ. ಅದನ್ನು ತಿನ್ನೋಕೆ ತೊಂದರೆ ಇಲ್ಲ, ‘ಪೇಷಂಟ್’ ಅನ್ನೋಕೆ ತೊಂದರೆ!

ಕುಮಟಾದಿಂದ:
ತರಕಾರಿ ಬೇರೆ, ವ್ಯಾಕರಣ ಬೇರೆ.

ಶಿರಸಿಯಿಂದ:
‘ಅಪಾಯ ಹೆಚ್ಚಿಸುವ ಸಂಗತಿಗಳು’, ‘ಆಪರೇಷನ್ ಆದ ಮೇಲೆ ಏನಾಗಬಹುದು’ ಅಂತ ಹಾಕುತ್ತೇನೆ. ಮನೆಗೆ ಹೋಗೋದನ್ನು ಪಟ್ಟಿಯ ಮೊದಲಿಗೇ ಸೇರಿಸಿದೆ. ಕಡೆಯ ಪ್ರಶ್ನೆ: ‘ಪಾರ್ಶ್ವವಾಯು’ ಬಿಟ್ಟು ಜನ ಆಡುವ ‘ಲಕ್ವ’ ಬರೆಯಲೇ?

ಕುಮಟಾದಿಂದ:
‘ಲಕ್ವ’ ಅರಬ್ಬಿ.