ಪ್ಲ್ಯಾನ್‌ನಲ್ಲಿ ಇಲ್ಲದ ಗಿರಾಕಿ ಬಂದರೆ?

ದಾವಣಗೆರೆ ಪುಡಿಮನೆ:
ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರುತ್ತೇನೆ. ಸಾಲಕ್ಕೆ ಬ್ಯಾಂಕಿನವರು ಮುಂದಿನ ವರ್ಷದ ಪ್ಲ್ಯಾನ್ ಕೇಳಿದ್ದಾರೆ. ಶೇಂಗಾ ಪುಡಿ, ಅರ್ಧ ಕೆಜಿ ಪ್ಯಾಕೆಟ್, ಮನೆಮಂದಿಗೆ ಅಂತ ಬರೆದಿಟ್ಟಿದ್ದೆ. ಈಗ ನೋಡಿದರೆ ಹಾಸ್ಟೆಲ್ ಹುಡುಗರು ಅಗಸೆ ಪುಡಿ ಕೇಳಿಕೊಂಡು ಬರುತ್ತಿದ್ದಾರೆ, ಅದೂ 50 ಗ್ರಾಂ! ಮೆಸ್ಸಿನ ಸಪ್ಪೆ ಊಟಕ್ಕೆ ಉದುರಿಸಿಕೊಳ್ಳಲು ಅಂತೆ. ಪ್ಲ್ಯಾನ್ ಬದಲಿಸಲಾ? ಅಥವಾ ಇದು ನಾಲ್ಕು ದಿನದ ಹುಮ್ಮಸ್ಸಾ?

ಬಸವನಗುಡಿ ಮಾವ:
ಬದಲಿಸಮ್ಮ. ನಮ್ಮ ಎಂಟಿಆರ್ ನೋಡು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದೆವು ಅಂತ ಅವರೇ ಹೇಳಿಕೊಳ್ಳುತ್ತಾರೆ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ಬೆಲೆ ಕಟ್ಟಿತು, ಗಿಟ್ಟಲಿಲ್ಲ. ಪುಡಿ, ಮಿಕ್ಸ್ ಮಾರೋಕೆ ನಿಂತರು. ಆ ಪ್ಯಾಕೆಟ್ ಇವತ್ತು ಅಮೆರಿಕದ ಅಂಗಡಿಗಳಲ್ಲೂ ಇದೆ.

ಲೆಕ್ಕದ ಮೇಷ್ಟ್ರು:
ಮಾವ, ಸುಮ್ನೆ ಹುರಿದುಂಬಿಸಬೇಡಿ. ತ್ರೀಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿ ಅಂಟು ಮಾಡಲು ಹೋದರು, ಸಿಕ್ಕಿದ್ದು ಅಂಟಿಸಿದ್ದನ್ನು ಸಲೀಸಾಗಿ ಕಿತ್ತುಬಿಡಬಹುದಾದ ಅಂಟು. ಅದು ಪೋಸ್ಟ್-ಇಟ್ ಚೀಟಿಯಾಗಿ ಅಮೆರಿಕದ ತುಂಬಾ ಮಾರಾಟಕ್ಕೆ ಬಂದಿದ್ದು 1980ರಲ್ಲಿ! ಅಷ್ಟು ಕಾಯುವ ಶಕ್ತಿ ನಮಗಿಲ್ಲ. ಅಗಸೆ ಪುಡಿ ಬೇರೆ ಬೇಗ ಕಮಟು ಹಿಡಿಯುತ್ತದೆ. ಸ್ವಲ್ಪ ಸ್ವಲ್ಪವೇ ಕುಟ್ಟಿ. ಪರೀಕ್ಷೆ ಮುಗಿದು ಹಾಸ್ಟೆಲ್ ಖಾಲಿಯಾದಾಗ ಯಾರು ಕೊಳ್ಳುತ್ತಾರೆ, ಅದನ್ನು ನೋಡಿ.

ದಾವಣಗೆರೆ ಪುಡಿಮನೆ:
ಕಮಟಿನ ಮಾತು ನಿಜ, ಮೇಷ್ಟ್ರೇ. ಬ್ಯಾಂಕಿಗೆ ಶೇಂಗಾನೇ ಇರಲಿ, ಸ್ವಲ್ಪ ದುಡ್ಡು ಅಗಸೆಗೆ ಅಂತ ಎತ್ತಿಡುತ್ತೇನೆ. ಸಣ್ಣ ಕವರ್ ಸೀಲ್ ಮಾಡುವ ಹಳೇ ಮೆಷಿನ್ ಯಾರ ಹತ್ರನಾದ್ರೂ ಇದೆಯಾ?