ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಮೊದಲ ಕಯಾಕಿಂಗ್: ಹೋಗಿಬಂದವರು ತಿಳಿಸಿ

ಡಿಸೆಂಬರ್ ಕೊನೆಯ ವಾರ ಹೊನ್ನಾವರಕ್ಕೆ ಹೊರಟಿದ್ದೇವೆ. ನಾವಿಬ್ಬರು, 7 ಮತ್ತು 12 ವರ್ಷದ ಮಕ್ಕಳು, 64 ವರ್ಷದ ಅತ್ತೆ. ಗೈಡ್ ಜೊತೆ ಎರಡು ಗಂಟೆ ಕಯಾಕಿಂಗ್. ಯಾರಿಗೂ ಈಜು ಬಾರದು. ಅತ್ತೆಯನ್ನು ಕೂರಿಸಬಹುದೇ?

ಮೈಸೂರಿನಿಂದ:
ನಮ್ಮ ಕಥೆ ಕೇಳಿ. ತಲೆಗೆ 900ರಂತೆ ನಾಲ್ವರಿಗೆ 3,600. ಗೈಡ್ ಮುಕ್ಕಾಲು ಗಂಟೆ ತಡವಾಗಿ ಬಂದ, ನೀರು ಅವನಿಗಾಗಿ ಕಾಯಲಿಲ್ಲ. ಇಳಿತ ಶುರುವಾಗಿ, ಕಾಂಡ್ಲಾ ಬೇರುಗಳ ನಡುವಿನ ಸಣ್ಣ ಕವಲಿನಲ್ಲಿ ದೋಣಿ ಕೂತೇಬಿಟ್ಟಿತು. ತಳ್ಳಲು ಇಳಿದ ಮಗ ಮೊಣಕಾಲುವರೆಗೆ ಹೂತುಹೋದ. ಎಳೆದಾಗ ಕಾಲು ಬಂತು, ಚಪ್ಪಲಿ ಬರಲಿಲ್ಲ: 799. ಸಿಂಪಿ ಚಿಪ್ಪು ಹಿಮ್ಮಡಿ ಸೀಳಿ ಮೂರು ಹೊಲಿಗೆ, ಟಿಟಿ ಇಂಜೆಕ್ಷನ್: 1,150. ನೀರು ಕುಡಿದ ಮೊಬೈಲ್ ರಿಪೇರಿ: 6,500. ಒಟ್ಟು 12,049, ಊಟ ಬಿಟ್ಟು. ಕೆಸರು ನೋಡಲು ಇಷ್ಟು ದುಡ್ಡು!

ಹುಬ್ಬಳ್ಳಿಯಿಂದ:
ಇಳಿತದ ಹೊತ್ತಿಗೆ ಹೋದವರು ನದಿಯನ್ನು ಬೈಯಬಾರದು. ನಾನು ಪಂಚಾಂಗ ನೋಡಿ ಅಷ್ಟಮಿಯ ದಿನ ಗೊತ್ತುಮಾಡಿದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನಿನ್ನೆ ಹೋದವರ ವೇಳೆ ಇಂದು ನಡೆಯದು. ನೀರು ಏರುತ್ತಿರುವಾಗಲೇ ಒಳಗೆ ಹೋದೆವು. ಒಂದು ತಪ್ಪು ನನ್ನದು: ಯಜಮಾನನೆಂದು ಮುಂದೆ ಕೂತೆ, ಹಿಂದಿದ್ದ ಮಗಳ ಹುಟ್ಟು ನೀರಿಗೇ ಎಟುಕಲಿಲ್ಲ. ಭಾರದವರು ಹಿಂದೆ ಕೂರಬೇಕು. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ಮೊದಲೇ ಕೇಳಿ. ನನ್ನ ಮಗನಿಗೆ ಕೊಟ್ಟದ್ದನ್ನು ಭುಜದ ಬಳಿ ಹಿಡಿದೆತ್ತಿದರೆ ಕಿವಿಯವರೆಗೆ ಬಂತು. ಬದಲಾಯಿಸುವವರೆಗೆ ನಾನು ದೋಣಿ ಹತ್ತಲಿಲ್ಲ.

ಮೈಸೂರಿನಿಂದ:
ಪಂಚಾಂಗವನ್ನೂ ನಾನೇ ನೋಡುವುದಾದರೆ ಗೈಡ್‌ಗೆ ಹಣ ಕೊಟ್ಟದ್ದು ಏಕೆ ಸ್ವಾಮಿ?

ಕುಮಟಾದಿಂದ:
ಕೆಸರು ಎಂದು ಮೂಗು ಮುರಿಯುವವರೇ, ಮೀನಿನ ಮರಿ ಬೆಳೆಯುವುದು ಆ ಬೇರುಗಳ ಸಂದಿನಲ್ಲೇ. ನನ್ನ ಅಮ್ಮ ಇಳಿತಕ್ಕೆ ಬುಟ್ಟಿ ಹಿಡಿದು ಅದೇ ಕೆಸರಿನಲ್ಲಿ ಬಳಚು (ತಿನ್ನುವ ಚಿಪ್ಪುಮೀನು) ಹೆಕ್ಕಿ ನಮ್ಮನ್ನು ಸಾಕಿದ್ದು. ಉಪ್ಪುನೀರು ನೋಡಬೇಕಿದ್ದರೆ ಹೊನ್ನಾವರ ಏಕೆ? ಅಲ್ಲಿನ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟಿನಿಂದ ವರ್ಷವಿಡೀ ಸಿಹಿನೀರು ಬರುತ್ತದೆ, ಬಳಚು ಅಲ್ಲಿ ಎಲ್ಲಿ ಉಳಿದಿದೆ? ನಮ್ಮ ಅಘನಾಶಿನಿ ನದಿಗೆ ಅಣೆಕಟ್ಟಿಲ್ಲ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ, ಸಾಣಿಕಟ್ಟದಲ್ಲಿ ಉಪ್ಪೇ ಬೆಳೆಯುತ್ತದೆ. 2024ರಲ್ಲಿ ನಮ್ಮ ಅಳಿವೆಗೆ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸರ್ ಮಾನ್ಯತೆ ಬಂದದ್ದು ಸುಮ್ಮನೆ ಅಲ್ಲ.

ಹೊನ್ನಾವರದಿಂದ:
ಲಿಂಗನಮಕ್ಕಿ ಕಟ್ಟಿದ್ದು ನಾವಲ್ಲ ಅಕ್ಕ. ಅದರ ಕರೆಂಟು ಕುಮಟೆಗೆ ಬೇಡವೇ? ಏಪ್ರಿಲ್‌ನಲ್ಲಿ ಬಂದು ನಮ್ಮ ಮನೆಯ ಬಾವಿ ನೀರಿನಲ್ಲಿ ಚಹಾ ಕುಡಿಯಿರಿ, ಉಪ್ಪು ಇದೆಯೋ ಇಲ್ಲವೋ ಆಗ ಹೇಳಿ.

ಕುಮಟಾದಿಂದ:
ಚಹಾಕ್ಕೆ ಬರುತ್ತೇನೆ. ಬಳಚು ನಾನೇ ತರುತ್ತೇನೆ, ನಿಮ್ಮಲ್ಲಿ ಸಿಗುವುದಿಲ್ಲವಲ್ಲ.

ಕೇಳಿದವರು:
ಅತ್ತೆಯ ವಿಷಯ ಯಾರೂ ಹೇಳಲಿಲ್ಲ.

ಹೊನ್ನಾವರದಿಂದ:
ಮೊಣಕಾಲು ನೋವಿದ್ದರೆ ದೋಣಿ ಬೇಡ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಕಾಂಡ್ಲಾ ನಡುವೆ ಮರದ ಕಾಲುದಾರಿ ಇದೆ, ಅಲ್ಲಿ ನಡೆದಾಡಲಿ.

ಕೇಳಿದವರು:
ಅವರೂ ಇದನ್ನೆಲ್ಲ ಓದಿದರು. ಕಾಲುದಾರಿ ಬೇಡವಂತೆ, ಮುಂದಿನ ಸೀಟೇ ಬೇಕಂತೆ.

ಮೈಸೂರಿನಿಂದ:
ಚಪ್ಪಲಿ ಕಂಡರೆ ತಿಳಿಸಿ. ಎಡಗಾಲಿನದು, ನೀಲಿ ಪಟ್ಟಿ.