ಡೆವರ್ಸ್ ಬಂದ, ಲಾಭ ಯಾರಿಗೆ?

‘ಬಿ ಬ್ಲಾಕ್ ಹಾಸ್ಟೆಲ್’ ಚಾಟ್ ಗುಂಪು. ಮಾತು ಅಮೆರಿಕದ ಬೇಸ್‌ಬಾಲ್‌ನದ್ದು: ಜೂನ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತನ್ನ ಬ್ಯಾಟರ್ ಡೆವರ್ಸ್‌ನನ್ನು ಆಟಗಾರರ ಅದಲುಬದಲಿಯಲ್ಲಿ (ಟ್ರೇಡ್) ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ಗೆ ಕೊಟ್ಟಿತ್ತು. ಗಿರೀಶ ಜೈಂಟ್ಸ್ ಕಡೆ, ಸುಧಿ ರೆಡ್ ಸಾಕ್ಸ್ ಕಡೆ. 2025ರ ಅಕ್ಟೋಬರ್ 3. ಅಮೆರಿಕದಲ್ಲಿ ಶುಕ್ರವಾರ ರಾತ್ರಿ, ಊರಿನಲ್ಲಿ ಶನಿವಾರ ಬೆಳಿಗ್ಗೆ.

ಗಿರೀಶ (ಸ್ಯಾನ್ ಹೋಸೆ): [ಫಾರ್ವರ್ಡ್ ಆದ ಚಿತ್ರ. ಎಡಗಡೆ ಜೈಂಟ್ಸ್ ಜೆರ್ಸಿಯಲ್ಲಿ ರಫಾಯೆಲ್ ಡೆವರ್ಸ್, ಕೆಳಗೆ ‘163 ಪಂದ್ಯ, 35 ಹೋಮ್‌ರನ್, 109 ಆರ್‌ಬಿಐ’ (ಹೋಮ್‌ರನ್ ಅಂದರೆ ಸಿಕ್ಸರ್ ಥರ; ಆರ್‌ಬಿಐ ಅಂದರೆ ತನ್ನ ಬ್ಯಾಟಿಂಗ್‌ನಿಂದ ತಂಡಕ್ಕೆ ತಂದ ರನ್). ಬಲಗಡೆ ರೆಡ್ ಸಾಕ್ಸ್ ಲಾಂಛನ, ಕೆಳಗೆ ‘ಉಳಿದದ್ದು?’ ಅಂತ ಒಂದೇ ಪದ.]

ಗಿರೀಶ: ಸುಧಿ, ಇದು ನಿನಗೋಸ್ಕರ. ನಿನ್ನೆ ಯಾಂಕೀಸ್ ಎದುರು 4-0. ಒಂದೇ ಒಂದು ರನ್ ಬರಲಿಲ್ಲವಲ್ಲ, ಆಗ ಇವನ ನೆನಪಾಗಿರಬೇಕು.

ಸುಧಿ (ಬಾಸ್ಟನ್): ನಾವು ಅಕ್ಟೋಬರ್ ತನಕ ಆಡಿ ಸೋತೆವು ಕಣೋ. ನೀವು ಸೆಪ್ಟೆಂಬರ್‌ನಲ್ಲೇ ಚಾಪೆ ಸುತ್ತಿದಿರಿ. 81 ಗೆಲುವು, 81 ಸೋಲು. ಅದರ ಮೇಲೆ ಮ್ಯಾನೇಜರ್ ಬಾಬ್ ಮೆಲ್ವಿನ್‌ರನ್ನೂ ಮನೆಗೆ ಕಳಿಸಿದಿರಿ.

ಸುಧಿ: ಚಿತ್ರದಲ್ಲಿ ಇಲ್ಲದ ಲೆಕ್ಕ ನಾನು ಕೊಡುತ್ತೇನೆ, ಬರೆದುಕೋ. ಡೆವರ್ಸ್ ಕಾಲಿಡುವ ಮೊದಲು ಜೈಂಟ್ಸ್ ಗೆಲುವು-ಸೋಲು 41-31. ಅವನು ಬಂದ ಮೇಲೆ 40-50. ಅವನಿದ್ದಾಗ ರೆಡ್ ಸಾಕ್ಸ್ 37-36. ಅವನು ಹೋದ ಮೇಲೆ 52-37. ಇನ್ನೇನು ಬೇಕು?

ನಾಗರಾಜ (ಹಾಸನ): ಬೆಳಿಗ್ಗೆ ಬೆಳಿಗ್ಗೆ ಏನ್ರೋ ನಿಮ್ಮ ಗಲಾಟೆ. ಒಂದು ಸಣ್ಣ ಡೌಟು. ಸೀಸನ್‌ಗೆ 162 ಪಂದ್ಯ ಅಂತ ನೀವೇ ಹೇಳಿದ್ದಿರಿ. ಇವನು 163 ಹೇಗೆ ಆಡಿದ?

ಪಕ್ಕಿ (ಸಿಯಾಟಲ್): ಒಳ್ಳೇ ಪ್ರಶ್ನೆ ನಾಗ. ಜೂನ್ 15ಕ್ಕೆ ಅವನನ್ನು ಬಾಸ್ಟನ್‌ನವರು ಜೈಂಟ್ಸ್‌ಗೆ ಕಳಿಸಿದರು. ಅಷ್ಟೊತ್ತಿಗೆ ಬಾಸ್ಟನ್ 73 ಪಂದ್ಯ ಮುಗಿಸಿತ್ತು, ಜೈಂಟ್ಸ್ 72 ಮಾತ್ರ. ಅವನು ಅಲ್ಲಿ 73, ಇಲ್ಲಿ ಉಳಿದ 90, ಒಂದನ್ನೂ ಬಿಡದೆ ಆಡಿದ.

ನಾಗರಾಜ: ಬಡ್ಡಿಮಗ, ಒಂದು ದಿನ ರಜೆ ಇಲ್ಲ.

ಪಕ್ಕಿ: ಸುಧಿ, ನಿನ್ನ 52-37ಕ್ಕೂ ಡೆವರ್ಸ್ ಹೋಗಿದ್ದಕ್ಕೂ ಗಂಟು ಹಾಕಬೇಡ. ನಿಮ್ಮ ಹೊಸ ಬ್ಯಾಟರ್ ರೋಮನ್ ಆಂಥನಿ ಜೂನ್ 9ಕ್ಕೆ ಬಂದ, ಟ್ರೇಡ್‌ಗೂ ಮೊದಲು. ಆ ಹುಡುಗ ನಿಮ್ಮನ್ನು ಎತ್ತಿದ. ಜೈಂಟ್ಸ್ ಕಥೆಯೂ ಅಷ್ಟೇ. ಜುಲೈ ಕೊನೆಯಲ್ಲಿ ಪಿಚರ್‌ಗಳಾದ (ಬೌಲರ್ ಥರ) ಟೈಲರ್ ರಾಜರ್ಸ್, ಡೊವಾಲ್, ಜೊತೆಗೆ ಬ್ಯಾಟರ್ ಯಸ್ಟ್ರೆಮ್ಸ್ಕಿ, ಮೂವರನ್ನೂ ಅವರೇ ಮಾರಿಕೊಂಡರು. ಬೌಲಿಂಗ್ ಕಡೆ ಖಾಲಿ ಮಾಡಿ, ಬ್ಯಾಟ್ ಹಿಡಿದವನನ್ನು ಬೈದರೆ ಹೇಗೆ?

ಗಿರೀಶ: ಹೇಳು ಗುರು, ಹೇಳು.

ಪಕ್ಕಿ: ನಿನಗೂ ಇದೆ ತಡಿ. 35 ಹೋಮ್‌ರನ್ ಅಂತ ಕುಣೀತಿದ್ದೀಯ. ಅದರಲ್ಲಿ 15 ಬಾಸ್ಟನ್‌ನವರದ್ದು. ಬಾಸ್ಟನ್‌ನಲ್ಲಿ ಸರಾಸರಿ .272 (ಸಾವಿರ ಸಲಕ್ಕೆ 272 ಹಿಟ್ ಅಂದ ಹಾಗೆ), ನಿಮ್ಮಲ್ಲಿ .236. ಎಡಗೈ ಬ್ಯಾಟರ್‌ಗೆ ನಿಮ್ಮ ಮೈದಾನದ ಬಲಗಡೆ 24 ಅಡಿ ಗೋಡೆ ಇದೆ. ಅದು ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ಲತಾ (ಸನಿವೇಲ್): ನೀವು ಮೂವರೂ ದುಡ್ಡಿನ ಮಾತೇ ಎತ್ತಲಿಲ್ಲ, ಆಶ್ಚರ್ಯ. ಚಿತ್ರದಲ್ಲಿ ಮುಖ್ಯವಾಗಿ ಇರಬೇಕಿದ್ದ ಅಂಕಿ ಅದು. ಡೆವರ್ಸ್ ಒಪ್ಪಂದ 10 ವರ್ಷಕ್ಕೆ 313.5 ಮಿಲಿಯನ್ ಡಾಲರ್. ಅದರಲ್ಲಿ ಬಾಕಿ ಇದ್ದ 250 ಮಿಲಿಯನ್‌ಗಿಂತ ಜಾಸ್ತಿ ಜೈಂಟ್ಸ್ ತಲೆಗೆ ಬಂತು. ಬಾಸ್ಟನ್ ಒಂದು ಪೈಸೆ ಸೇರಿಸಲಿಲ್ಲ. ಸಾಲ ತೀರದ ಮನೆಯನ್ನು ಸಾಲದ ಸಮೇತ ಕೊಂಡ ಹಾಗೆ.

ಲತಾ: ಗಿರೀಶ ಆ ಮನೆಯ ಹಾಲ್ ನೋಡುತ್ತಿದ್ದಾನೆ, ಸುಧಿ ಕಂತು ನೋಡುತ್ತಿದ್ದಾನೆ. ಅದಕ್ಕೇ ಇಬ್ಬರಿಗೂ ತಾವೇ ಗೆದ್ದ ಹಾಗೆ ಕಾಣುತ್ತದೆ.

ನಾಗರಾಜ: ಅಷ್ಟು ದುಡ್ಡು ಒಬ್ಬನಿಗೆ ಕೊಡೋಕೆ ಬಿಡ್ತಾರಾ? ಐಪಿಎಲ್‌ನಲ್ಲಿ 120 ಕೋಟಿ ಅಂದರೆ 120 ಕೋಟಿ. ಪಂತ್‌ಗೆ 27 ಕೊಟ್ಟರೆ ಉಳಿದವರಿಗೆ ಕಮ್ಮಿ. ಮುಗೀತು.

ಲತಾ: ಇಲ್ಲಿ ಆ ಥರ ಗೆರೆ ಇಲ್ಲ ನಾಗ. ತೆರಿಗೆ ಇದೆ. ಈ ವರ್ಷ ಒಟ್ಟು ಸಂಬಳ 241 ಮಿಲಿಯನ್ ದಾಟಿದರೆ ದಾಟಿದ ಭಾಗಕ್ಕೆ ದಂಡ ಕಟ್ಟಬೇಕು. ವರ್ಷ ವರ್ಷ ದಾಟಿದರೆ ದಂಡದ ದರ ಏರುತ್ತದೆ. ಕಟ್ಟುವ ತಾಕತ್ತಿದ್ದರೆ ಕಟ್ಟಿಕೊಂಡು ಹೋಗಬಹುದು. ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡ ಮಾಡುವುದು ಅದನ್ನೇ.

ಲತಾ: ಇನ್ನೊಂದು ದೊಡ್ಡ ವ್ಯತ್ಯಾಸ. ಐಪಿಎಲ್‌ನಲ್ಲಿ ಮೆಗಾ ಹರಾಜು ಬಂದರೆ ಹಳೇ ತಪ್ಪು ತೊಳೆದುಹೋಗುತ್ತದೆ. ಇಲ್ಲಿ ಬರೆದುಕೊಟ್ಟ ದುಡ್ಡು ಕೊಡಲೇಬೇಕು. ಆಟಗಾರ ಗಾಯಗೊಂಡು ಕೂತರೂ, ಫಾರ್ಮ್ ಹೋದರೂ. ಡೆವರ್ಸ್ ಒಪ್ಪಂದ ಮುಗಿಯುವ 2033ರ ಸೀಸನ್‌ಗೆ ಅವನಿಗೆ 36.

ಸುಧಿ: ನಾನು ಇಷ್ಟು ಹೊತ್ತು ಹೇಳಿದ್ದು ಇದನ್ನೇ!

ಲತಾ: ಹೇಳಲಿಲ್ಲ. 52-37 ಅಂದೆ ಅಷ್ಟೇ.

ಗಿರೀಶ: ಹಾಗಾದರೆ ಜೈಂಟ್ಸ್ ಏನು ಮಾಡಬೇಕಿತ್ತು? 2022ರಲ್ಲಿ ಜಡ್ಜ್‌ಗೆ ಕಾದರು. ಅವನು ಯಾಂಕೀಸ್‌ನಲ್ಲೇ 360 ಮಿಲಿಯನ್‌ಗೆ ಉಳಿದ. ಅದೇ ತಿಂಗಳು ಕೊರೆಯಾ ಜೊತೆ 350ಕ್ಕೆ ಮಾತಾಯಿತು, ವೈದ್ಯಕೀಯ ತಪಾಸಣೆಯಲ್ಲಿ ನಿಂತುಹೋಯಿತು. ಮರುವರ್ಷ ಒಟಾನಿ ಲಾಸ್ ಏಂಜಲೀಸ್‌ಗೆ ಹೋದ. ದುಡ್ಡು ಇಟ್ಟುಕೊಂಡು ಬಾಗಿಲಲ್ಲಿ ನಿಂತರೂ ದೊಡ್ಡ ಬ್ಯಾಟರ್ ಬರುವುದಿಲ್ಲ. ಅಂಥವರಿಗೆ ಇರುವುದು ಒಂದೇ ದಾರಿ, ಇನ್ನೊಬ್ಬರಿಗೆ ಭಾರವಾದ ಒಪ್ಪಂದವನ್ನು ಹೊತ್ತುಕೊಳ್ಳುವುದು. ಜೈಂಟ್ಸ್ ತಂಡ ಕಟ್ಟುವ ಹೊಣೆ ಹೊತ್ತ ಬಸ್ಟರ್ ಪೋಸಿ ಅದನ್ನೇ ಮಾಡಿದರು. ಅದಕ್ಕೇ ನಮಗೆ ಅವನ ಬೆಲೆಯೇ ಬೇರೆ, ನಿಮಗೇ ಬೇರೆ.

ಲತಾ: ಈ ಮಾತು ಒಪ್ಪುತ್ತೇನೆ. ಇವತ್ತಿನ ಮಟ್ಟಿಗೆ ಗಿರೀಶ ಹೇಳಿದ ಮೊದಲ ಒಳ್ಳೇ ಮಾತು.

ನಾಗರಾಜ: 😂😂

ಸುಧಿ: ಆಯ್ತು, ಆದರೆ ಅವನ ನಡವಳಿಕೆ? ಫೆಬ್ರವರಿಯಲ್ಲಿ ನಾವು ಬ್ರೆಗ್ಮನ್‌ನನ್ನು ತಂದೆವು, 3 ವರ್ಷಕ್ಕೆ 120 ಮಿಲಿಯನ್. ಡೆವರ್ಸ್ ನಿಲ್ಲುತ್ತಿದ್ದ ಫೀಲ್ಡಿಂಗ್ ಜಾಗ ಥರ್ಡ್ ಬೇಸ್‌ನಲ್ಲಿ ಅವನಿಗಿಂತ ಎಷ್ಟೋ ಮೇಲು. ಜಾಗ ಬಿಡು ಅಂದರೆ ಡೆವರ್ಸ್‌ಗೆ ಮುನಿಸು. ಕೊನೆಗೆ ಡಿಎಚ್ ಆದ. ಮೇ 2ಕ್ಕೆ ಫಸ್ಟ್ ಬೇಸ್‌ನಲ್ಲಿ ನಿಲ್ಲುವ ಕಸಾಸ್‌ನ ಮಂಡಿ ಹೋಯಿತು, ಆ ಜಾಗ ಖಾಲಿ. ಸ್ವಲ್ಪ ಕಲಿತುಕೋ ಅಂದರೆ ಆಗಲ್ಲ ಅಂದ. ಮಾಲೀಕರು ಜಾನ್ ಹೆನ್ರಿ ಕ್ಯಾನ್ಸಸ್ ಸಿಟಿಗೆ ಹೋಗಿ ಮಾತಾಡಬೇಕಾಯಿತು. 313 ಮಿಲಿಯನ್ ತೆಗೆದುಕೊಂಡವನು ಹೀಗಾ ಇರೋದು?

ನಾಗರಾಜ: ಡಿಎಚ್ ಅಂದರೆ?

ಗಿರೀಶ: ಬರೀ ಬ್ಯಾಟಿಂಗ್. ಫೀಲ್ಡಿಂಗ್ ಇಲ್ಲ. ನಮ್ಮ ಇಂಪ್ಯಾಕ್ಟ್ ಪ್ಲೇಯರ್ ಥರ ಅಂದುಕೋ.

ಗಿರೀಶ: ಸುಧಿ, ಒಬ್ಬ ಆಟಗಾರನಿಗೆ ಒಂದು ಮಾತು ಕೊಟ್ಟು, ಆಮೇಲೆ ಅವನ ಜಾಗಕ್ಕೆ ಇನ್ನೊಬ್ಬನನ್ನು ತಂದು, ಎರಡು ತಿಂಗಳಿಗೆ ಮತ್ತೆ ಮೂರನೇ ಕೆಲಸ ಹೇಳಿದರೆ ಯಾರಿಗಾದರೂ ಉರಿಯುತ್ತದೆ. ನಮ್ಮಲ್ಲಿ ಎಲ್ಲಿ ನಿಲ್ಲಿಸಿದರೂ ನಿಲ್ತೀನಿ ಅಂದ. ಜುಲೈನಲ್ಲಿ ಪಂದ್ಯಕ್ಕೆ ಬೇಗ ಹೋಗಿದ್ದೆ. ಬಾಗಿಲು ತೆಗೆದ ತಕ್ಷಣ ಒಳಗೆ ಹೋದರೆ ಇವನು ಫಸ್ಟ್ ಬೇಸ್ ಹತ್ತಿರ, ಆ ದೊಡ್ಡ ಗ್ಲವ್ ಹಾಕಿಕೊಂಡು ನಿಂತಿದ್ದ. ಕೋಚ್ ನೆಲಕ್ಕೆ ಉರುಳಿಸಿ ಹೊಡೆಯೋದು, ಇವನು ಬಗ್ಗಿ ಹಿಡಿಯೋದು, ಬಲಗಾಲಿನಿಂದ ಬೇಸ್ ಎಲ್ಲಿದೆ ಅಂತ ತಡಕಾಡೋದು. ಒಂದೆರಡು ಸಲ ಬೇಸ್ ಸಿಗಲೇ ಇಲ್ಲ, ಅವನೇ ನಕ್ಕ. ಕೆಲವು ದಿನಕ್ಕೆ, ಜುಲೈ 22ರಂದು, ಅಟ್ಲಾಂಟಾದಲ್ಲಿ ಮೊದಲ ಸಲ ಅಲ್ಲಿ ನಿಂತು ಆಡಿದ.

ಸುಧಿ: ನಮ್ಮಲ್ಲಿ ಇದನ್ನೇ ಮಾಡಿದ್ದರೆ ಈ ಟ್ರೇಡೇ ಆಗುತ್ತಿರಲಿಲ್ಲ.

ಪಕ್ಕಿ: ಈಗ ನನ್ನ ಸರದಿ. ಸ್ವಲ್ಪ ಉದ್ದ ಇದೆ, ಓದೋರು ಓದಿ.

ಪಕ್ಕಿ: ವಾರ್ ಅಂತ ಒಂದು ಲೆಕ್ಕ ಇದೆ ನಾಗ. ಸುಲಭವಾಗಿ ಸಿಗುವ ಸಾಧಾರಣ ಆಟಗಾರನ ಬದಲು ಇವನಿದ್ದರೆ ತಂಡಕ್ಕೆ ಎಷ್ಟು ಗೆಲುವು ಜಾಸ್ತಿ, ಅಷ್ಟೇ ಅದು. ಕನಿಷ್ಠ ಸಂಬಳ ಈ ವರ್ಷ 7 ಲಕ್ಷ 60 ಸಾವಿರ ಡಾಲರ್. 26 ಜನರ ತಂಡ ಪೂರ್ತಿ ಆ ಸಂಬಳಕ್ಕೆ ತುಂಬಿಸಿದರೂ 20 ಮಿಲಿಯನ್ ಆಗಲ್ಲ. ಡೆವರ್ಸ್ ಒಬ್ಬನಿಗೇ ವರ್ಷಕ್ಕೆ ಸುಮಾರು 30. ಆ ಅಗ್ಗದ ತಂಡ 162ರಲ್ಲಿ ಸುಮಾರು 48 ಗೆಲ್ಲುತ್ತದೆ ಅನ್ನೋದು ಈ ಲೆಕ್ಕದ ತಳಪಾಯ. ಅಲ್ಲಿಂದ ಮೇಲೆ ಪ್ರತಿ ಗೆಲುವಿಗೂ ದುಡ್ಡು.

ಪಕ್ಕಿ: ಈಗ ಮಜಾ ನೋಡಿ. ಯಾವ ಜಾಗದಲ್ಲಿ ನಿಲ್ಲುತ್ತಾನೆ ಅನ್ನೋದಕ್ಕೂ ಅಂಕ ಇದೆ. ಪೂರ್ತಿ ಸೀಸನ್‌ಗೆ ಥರ್ಡ್ ಬೇಸ್ ಆದರೆ 2.5 ರನ್ ಸೇರಿಸುತ್ತಾರೆ. ಫಸ್ಟ್ ಬೇಸ್ ಆದರೆ 12.5 ಕಳೆಯುತ್ತಾರೆ. ಡಿಎಚ್ ಆದರೆ 17.5 ಕಳೆಯುತ್ತಾರೆ. ಹತ್ತು ರನ್ ಅಂದರೆ ಹೆಚ್ಚುಕಮ್ಮಿ ಒಂದು ಗೆಲುವು. ಅಂದರೆ ಅದೇ ಮನುಷ್ಯ, ಅದೇ ಬ್ಯಾಟ್. ಥರ್ಡ್ ಬೇಸ್ ಬಿಟ್ಟು ಡಿಎಚ್ ಆದ ದಿನ ಕಾಗದದ ಮೇಲೆ ಎರಡು ಗೆಲುವು ಮಾಯ.

ಗಿರೀಶ: ಆದರೆ ಥರ್ಡ್ ಬೇಸ್‌ನಲ್ಲಿ ಅವನು ಬಿಡುತ್ತಿದ್ದ ಚೆಂಡುಗಳನ್ನೂ ಲೆಕ್ಕ ಹಾಕು.

ಪಕ್ಕಿ: ಹಾಕುತ್ತಾರೆ. ಅದಕ್ಕೇ ನಿಜವಾದ ನಷ್ಟ ಎರಡಕ್ಕಿಂತ ಕಮ್ಮಿ. ಕೆಟ್ಟ ಫೀಲ್ಡರ್ ಜಾಗ ಬಿಟ್ಟರೆ ಸ್ವಲ್ಪ ವಾಪಸ್ ಬರುತ್ತದೆ. ನಾನು ಹೇಳೋದು ಬೇರೆ. ಡೆವರ್ಸ್ ಬೆಲೆ ಡೆವರ್ಸ್ ಕೈಯಲ್ಲಿ ಪೂರ್ತಿ ಇಲ್ಲ. ಪಕ್ಕದಲ್ಲಿ ಯಾರಿದ್ದಾರೆ ಅನ್ನೋದರ ಮೇಲೆ ಇದೆ. ಬಾಸ್ಟನ್‌ನಲ್ಲಿ ಬ್ರೆಗ್ಮನ್ ಇದ್ದ. ಜೈಂಟ್ಸ್‌ನಲ್ಲಿ ಮ್ಯಾಟ್ ಚಾಪ್ಮನ್ ಇದ್ದಾನೆ, 151 ಮಿಲಿಯನ್, 2030ರ ತನಕ. ಅಲ್ಲೂ ಥರ್ಡ್ ಬೇಸ್ ಇಲ್ಲ. ಇನ್ನು ಬ್ರೈಸ್ ಎಲ್ಡ್ರಿಜ್ ಕಳೆದ ತಿಂಗಳು ಬಂದ, 20 ವರ್ಷ, ಅವನ ಜಾಗವೂ ಫಸ್ಟ್ ಬೇಸ್. ಅವನು ನಿಂತರೆ ನಿಮ್ಮ 30 ಮಿಲಿಯನ್ ಸಾಹೇಬರು ಮತ್ತೆ ಡಿಎಚ್. ಬಾಸ್ಟನ್‌ನ ತಲೆನೋವು ವಿಮಾನ ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿದೆ.

ಗಿರೀಶ: ಇಬ್ಬರೂ ಹಂಚಿಕೊಂಡು ಆಡುತ್ತಾರೆ ಬಿಡು.

ಪಕ್ಕಿ: ಹಂಚಿಕೊಂಡರೆ ಇಬ್ಬರ ಬೆಲೆಯೂ ಇಳಿಯುತ್ತದೆ, ಅದೇ ಲೆಕ್ಕ.

ನಾಗರಾಜ: ಬದಲಿಗೆ ಬಾಸ್ಟನ್‌ಗೆ ಯಾರನ್ನು ಕೊಟ್ಟರು? ಅದನ್ನು ಯಾರೂ ಹೇಳುತ್ತಿಲ್ಲ.

ಸುಧಿ: ನಾಲ್ಕು ಜನ. ಜೋರ್ಡನ್ ಹಿಕ್ಸ್, ಕೈಲ್ ಹ್ಯಾರಿಸನ್, ಜೇಮ್ಸ್ ಟಿಬ್ಸ್, ಹೊಸೆ ಬೆಯೊ.

ಗಿರೀಶ: ಪಿಚರ್ ಹಿಕ್ಸ್ ನಿಮ್ಮಲ್ಲಿ ಚೆನ್ನಾಗಿ ಹೊಡೆಸಿಕೊಂಡ. ಟಿಬ್ಸ್‌ನನ್ನು ಆರೇಳು ವಾರಕ್ಕೇ ಡಾಡ್ಜರ್ಸ್‌ಗೆ ಕೊಟ್ಟು ಪಿಚರ್ ಡಸ್ಟಿನ್ ಮೇಯನ್ನು ತಂದಿರಿ. ಅವನಿಂದಲೂ ಏನೂ ಗಿಟ್ಟಲಿಲ್ಲ. ಆ ಚಿತ್ರದಲ್ಲಿ ‘ಉಳಿದದ್ದು?’ ಅಂತ ಸುಮ್ನೆ ಬರೆದಿಲ್ಲ.

ಲತಾ: ಆದರೆ ಹ್ಯಾರಿಸನ್ ಬಗ್ಗೆ ನನಗೆ ಇವತ್ತಿಗೂ ಬೇಜಾರು. ಕಾಂಕರ್ಡ್‌ನ ಶಾಲೆಯಲ್ಲಿ ಓದಿದ ಹುಡುಗ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ನಮ್ಮ ಬೇ ಏರಿಯಾದವನೇ. ಟ್ರೇಡ್ ಆದ ದಿನ ರಾತ್ರಿ ಡಾಡ್ಜರ್ಸ್ ಎದುರು ಪಿಚ್ ಮಾಡಬೇಕಿತ್ತು. ಪಂದ್ಯಕ್ಕೆ ಸ್ವಲ್ಪ ಮುಂಚೆ ನೀನು ಬಾಸ್ಟನ್‌ಗೆ ಹೊರಡು ಅಂದರು.

ನಾಗರಾಜ: ಇದು ಅರ್ಥ ಆಗುತ್ತದೆ ನೋಡು. ರಾಹುಲ್ 14 ಕೋಟಿಗೆ ಡೆಲ್ಲಿಗೆ ಹೋದಾಗ ನನಗೂ ಹೊಟ್ಟೆ ಉರಿದಿತ್ತು. ನಮ್ಮ ಹುಡುಗ ನಮ್ಮ ತಂಡದಲ್ಲಿ ಇಲ್ಲ ಅಂದರೆ ಹೆಸರಿಗೆ ಮಾತ್ರ ಬೆಂಗಳೂರು.

ಪಕ್ಕಿ: ರಾಹುಲ್‌ನನ್ನು ಕೊಳ್ಳದ ಅದೇ ವರ್ಷ ಆರ್‌ಸಿಬಿಗೆ ಕಪ್ ಬಂತಲ್ಲ ನಾಗ.

ನಾಗರಾಜ: ಕಪ್ ಬಂತು, ಹೊಟ್ಟೆ ಉರಿ ಹೋಗಲಿಲ್ಲ. ಎರಡೂ ಇರಬಹುದಲ್ವಾ?

ಸುಧಿ: ಊರ ಹುಡುಗನ ಮಾತು ಎತ್ತಬೇಡಿ, ಕೈ ಮುಗಿಯುತ್ತೇನೆ. ನಿನ್ನೆ ನಮ್ಮನ್ನು ಕೆಡವಿದ ಯಾಂಕೀಸ್ ಪಿಚರ್ ಕ್ಯಾಮ್ ಶ್ಲಿಟ್ಲರ್ ಇದ್ದಾನಲ್ಲ, ಅವನು ಇಲ್ಲೇ ಪಕ್ಕದ ವಾಲ್ಪೋಲ್‌ನವನು. ಓದಿದ್ದು ಬಾಸ್ಟನ್‌ನಲ್ಲೇ. 8 ಇನಿಂಗ್ಸ್, 12 ಸ್ಟ್ರೈಕ್‌ಔಟ್ (ಬ್ಯಾಟರ್ ಹೊಡೆಯಲಾಗದೆ ಔಟ್), ಒಂದು ವಾಕ್ (ಕೆಟ್ಟ ಎಸೆತಗಳಿಗೆ ಬಿಟ್ಟಿ ಬೇಸ್) ಇಲ್ಲ.

ಗಿರೀಶ: 😂 ಸಂಬಳ ಎಷ್ಟು ಅವನದ್ದು?

ಪಕ್ಕಿ: ಇದೇ ವರ್ಷ ಬಂದವನು. ಕನಿಷ್ಠದ ಹತ್ತಿರ ಹತ್ತಿರ ಇರುತ್ತದೆ. ಮೊದಲ ಮೂರು ವರ್ಷ ತಂಡ ಕೊಟ್ಟಷ್ಟು, ಆಮೇಲೆ ಮಧ್ಯಸ್ಥರ ಮುಂದೆ ಚೌಕಾಸಿ, ಆರು ವರ್ಷ ಆದ ಮೇಲೆ ಸ್ವತಂತ್ರ. ಇಡೀ ಬೇಸ್‌ಬಾಲ್ ವ್ಯಾಪಾರ ಆ ಆರು ವರ್ಷದ ಮೇಲೆ ನಿಂತಿದೆ. ಹ್ಯಾರಿಸನ್‌ಗೂ ಅದರಲ್ಲಿ ಕೆಲವು ವರ್ಷ ಬಾಕಿ ಇದೆ. ಗಿರೀಶನ ಚಿತ್ರ ಮಾಡಿದವನು ಅದನ್ನು ಸೊನ್ನೆ ಅಂತ ಹಾಕಿದ್ದಾನೆ. ಅದು ತಪ್ಪು.

ಲತಾ: ಎಡಗೈ ಪಿಚರ್, 24 ವಯಸ್ಸು. ಅವನು ಎರಡು ಒಳ್ಳೇ ವರ್ಷ ಕೊಟ್ಟರೂ ಸಾಕು, ಈ ಚಿತ್ರವನ್ನು ಸುಧಿ ತಿರುಗಿಸಿ ಕಳಿಸಬಹುದು.

ಗಿರೀಶ: ‘ಕೊಟ್ಟರೆ’. ಅವನನ್ನು ಸೆಪ್ಟೆಂಬರ್ ತನಕ ಕೆಳಹಂತದ ಟ್ರಿಪಲ್-ಎ ತಂಡದಲ್ಲಿ ಇಟ್ಟಿದ್ದಿರಿ.

ಸುಧಿ: ನನ್ನ ಸಂಕಟ ನಿಮಗೆ ಗೊತ್ತಾಗಲ್ಲ ಬಿಡಿ. 2018ರಲ್ಲಿ 108 ಪಂದ್ಯ ಗೆದ್ದು ಕಪ್ ಎತ್ತಿದ ತಂಡ. 2020ರಲ್ಲಿ ಮೂಕೀ ಬೆಟ್ಸ್‌ನನ್ನು ಡಾಡ್ಜರ್ಸ್‌ಗೆ ಕೊಟ್ಟರು. ಬದಲಿಗೆ ಬಂದ ಮೂವರಲ್ಲಿ ಈಗ ಇರೋದು ಕ್ಯಾಚರ್ ವಾಂಗ್ ಒಬ್ಬ. 2022ರಲ್ಲಿ ಬೊಗಾರ್ಟ್ಸ್ ಸ್ಯಾನ್ ಡಿಯೇಗೊಗೆ ಹೋದ. ಈಗ ಡೆವರ್ಸ್. ಮನೆಯಲ್ಲಿ ಮಗಳ ಹತ್ತಿರ ಮೂರು ಜೆರ್ಸಿ ಇದೆ, ಮೂರೂ ಬೇರೆ ಊರಿನವರದ್ದಾಯಿತು. ಲೆಕ್ಕ ಸರಿ ಅಂತ ಪ್ರತಿ ಸಲ ಹೇಳುತ್ತಾರೆ. ಈ ಸಲ ಸರಿ ಅಂತ ನನಗೂ ಅನಿಸುತ್ತದೆ. ಬೆಟ್ಸ್ ವಿಷಯದಲ್ಲಿ ಮಾತ್ರ ಸಾಯೋ ತನಕ ಒಪ್ಪಲ್ಲ.

ಗಿರೀಶ: ಬೆಟ್ಸ್ ವಿಷಯದಲ್ಲಿ ನಾನೂ ನಿನ್ನ ಕಡೆ. ನಮಗೂ ಡಾಡ್ಜರ್ಸ್ ಅಂದರೆ ಆಗಲ್ಲ.

ಲತಾ: ಸರಿ, ಒಂದು ಪ್ರಶ್ನೆ ಸುಧಿ. ಡೆವರ್ಸ್‌ನನ್ನು ಕಳಿಸಿದ್ದು ಬ್ರೆಗ್ಮನ್‌ಗೋಸ್ಕರ ಅಂತ ಇಟ್ಟುಕೊಳ್ಳೋಣ. ಅವನ ಒಪ್ಪಂದದಲ್ಲಿ ಪ್ರತಿ ವರ್ಷ ಬಿಟ್ಟುಹೋಗುವ ಅವಕಾಶ ಇದೆ. ಈ ಚಳಿಗಾಲ ಅವನೂ ಎದ್ದು ಹೊರಟರೆ ಥರ್ಡ್ ಬೇಸ್‌ನಲ್ಲಿ ಯಾರು ನಿಲ್ಲುತ್ತಾರೆ?

ಗಿರೀಶ: 👀

ಪಕ್ಕಿ: 👀

ನಾಗರಾಜ: ಸುಧಿ, ಬ್ಲೂ ಟಿಕ್ ಕಾಣಿಸುತ್ತಿದೆ.

ಸುಧಿ: ಅವನು ಹೋಗಲ್ಲ. ಹೋದರೆ ಆ 40 ಮಿಲಿಯನ್ ಉಳಿಯುತ್ತದಲ್ಲ, ಅದರಲ್ಲಿ ಯಾರನ್ನಾದರೂ ತರುತ್ತಾರೆ. ಇಲ್ಲಿ ಹನ್ನೆರಡು ಗಂಟೆ, ಮಲಗುತ್ತೇನೆ.

ಲತಾ: ಯಾರನ್ನು?

ಗಿರೀಶ: ಬೇಕಾದರೆ ನಮ್ಮಲ್ಲಿ ಒಬ್ಬ ಇದ್ದಾನೆ, ಥರ್ಡ್ ಬೇಸ್ ಚೆನ್ನಾಗಿ ಗೊತ್ತು. 2033ರ ತನಕ ಸಂಬಳ ನೀವೇ ಕೊಡಬೇಕು ಅಷ್ಟೇ.